ತೀರ್ಥದ ಚಮಚದಲ್ಲಿ ಇನ್ಸುಲಿನ್

ಸಕ್ಕರೆ ಕಾಯಿಲೆ ಮುದುಕರಿಗೆ ಬರೋದು ಅಂತ ನಮ್ಮ ಕ್ವಾರ್ಟರ್ಸಿನವರೆಲ್ಲ ನಂಬಿದ್ದ ಕಾಲದಲ್ಲಿ, ನನಗದು ಹನ್ನೊಂದನೇ ವಯಸ್ಸಿಗೇ ಬಂತು. ಅಪ್ಪನಿಗೆ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ. ಬೆಳಿಗ್ಗೆ ಸೈರನ್ ಆದ ಕೂಡಲೇ ಅಮ್ಮ ಸಿರಿಂಜ್ ಹಿಡಿದು ಬರುವಳು, ನಾನು ಮಂಚದ ಕೆಳಗೆ ಸೇರಿಕೊಳ್ಳುವೆ. ಕಾಲು ಹಿಡಿದು ಎಳೆದು, ತೊಡೆಗೆ ಚುಚ್ಚಿ, ಆಮೇಲೆ ಅಡುಗೆಮನೆಗೆ ಹೋಗಿ ಅಳುವಳು. ಅಳೋದಾದರೆ ಚುಚ್ಚೋದ್ಯಾಕೆ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತರ ದಶಕದ ಕೊನೆ ಇರಬೇಕು. ದಸರಾ ರಜೆಯಲ್ಲಿ ಅಪ್ಪನಿಗೆ ಟೈಫಾಯ್ಡ್ ಬಂತು. ನನ್ನನ್ನು ಶಿವಮೊಗ್ಗದ ದುರ್ಗಿಗುಡಿಗೆ, ಅಮ್ಮನ ತವರಿಗೆ ಕಳಿಸಿದರು. ಪಕ್ಕದ ಬೀದಿಯ ನರ್ಸಮ್ಮ ದಿನಾ ಬಂದು ಚುಚ್ಚುವುದು ಅಂತ ಏರ್ಪಾಡು. ಮೊದಲ ದಿನ ನಾನು ಕಿರುಚಿದ್ದಕ್ಕೆ ಅಜ್ಜಿ ಎದೆ ಹಿಡಿದುಕೊಂಡು ಕೂತುಬಿಟ್ಟಳು. ಅವತ್ತೇ ಮಾವ ಪೇಪರ್ ಓದುತ್ತಾ, "ನೋಡವ್ವಾ, ಹೊರದೇಶದಲ್ಲಿ ಸೂಜಿನೇ ಇಲ್ದೆ ಇನ್ಸುಲಿನ್ ಕೊಡೋಕೆ ನೋಡ್ತಿದಾರಂತೆ. ಉಸಿರಲ್ಲಿ ಎಳ್ಕೊಳ್ಳೋದು, ಬಾಯಿಗೆ ಹಾಕೋದು, ಏನೇನೋ" ಅಂದ. ಅಂದವನು ಪೇಪರ್ ಮಡಚಿಟ್ಟು ಅಂಗಡಿಗೆ ಹೋದ. ಅಜ್ಜಿಗೆ ಅಷ್ಟೇ ಸಾಕಾಯಿತು.

ಮರುದಿನ ನರ್ಸಮ್ಮನನ್ನು ಬಾಗಿಲಲ್ಲೇ ತಡೆದು, "ಮಗಳು ಬಂದಿದಾಳೆ ತಾಯಿ, ಅವಳೇ ಚುಚ್ತಾಳೆ" ಅಂತ ಹಸಿ ಸುಳ್ಳು ಹೇಳಿ ಕಳಿಸಿದಳು. ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮುಗಿಸಿದಳು. ತೀರ್ಥ ಕೊಡುವ ಸಣ್ಣ ಬೆಳ್ಳಿ ಚಮಚ ಒರೆಸಿ ಮುಂದೆ ಹಿಡಿದಳು. ಸಿರಿಂಜಿನ ಗೆರೆ ನೋಡಿ ಔಷಧ ಎಳೆಯೋದು ನನಗೆ ಗೊತ್ತಿತ್ತು. ಎಳೆದು ಚಮಚಕ್ಕೆ ಬಿಟ್ಟೆ.

"ಪೋಲಿಯೋ ಹನಿ ಬಾಯಿಗೇ ಹಾಕಲ್ವೇನೇ? ಇದೂ ಹಾಗೇ. ಕಣ್ಮುಚ್ಚಿ ಶಿವಾ ಅನ್ನು ಮಾರಾಯ್ತಿ."

ಆಸ್ಪತ್ರೆಯ ನೆಲ ಒರೆಸಿದ ವಾಸನೆ, ಕಹಿ. ಆದರೂ ನನಗೆ ಕುಣಿಯೋ ಹಾಗಾಯಿತು. ಸೂಜಿ ಇಲ್ಲ! ದಿನಾ ಬೆಳಿಗ್ಗೆ ಅಜ್ಜಿ ಚಮಚವನ್ನು ಎರಡೂ ಕೈಯಲ್ಲಿ ಹಿಡಿದು ಬರುವಳು. ನಾನು ನಾಲಿಗೆ ಚಾಚಿ ಕೂತಿರುವೆ.

ಅದೇ ವಾರ ಮಾವ ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಗೆ ಕರೆದುಕೊಂಡು ಹೋದ. ಅಲ್ಲಿ ಹುಲಿ ನೋಡಿದ ನೆನಪೇ ಇಲ್ಲ. ನೀರು, ನೀರು ಅಂತ ಅವನ ಪ್ರಾಣ ತಿಂದಿದ್ದು ನೆನಪಿದೆ. ಕುಡಿದಿದ್ದೆಲ್ಲ ಬಸ್ಸಿನಲ್ಲೇ ವಾಂತಿಯಾಯಿತು. ಆಮೇಲೆ ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದೆ, ಕೈಗೆ ಡ್ರಿಪ್ ಹಾಕಿದ್ದರು.

"ಹೊಟ್ಟೆಗೆ ಹೋದ್ರೆ ಅದು ಅನ್ನ ಕರಗಿದ ಹಾಗೆ ಕರಗಿ ಹೋಗುತ್ತಮ್ಮ. ರಕ್ತಕ್ಕೆ ಸೇರೋದೇ ಇಲ್ಲ. ಇನ್ನೊಂದು ದಿನ ಬಿಟ್ಟಿದ್ರೆ ಮಗು ಇರ್ತಿರ್ಲಿಲ್ಲ" ಅಂತ ಡಾಕ್ಟರ್ ಅಜ್ಜಿಗೆ ಹೇಳುತ್ತಿದ್ದಾಗಲೇ ಭದ್ರಾವತಿಯಿಂದ ಅಮ್ಮ ಬಂದಳು. ತಲೆಯೂ ಬಾಚಿರಲಿಲ್ಲ. "ಸಾಯ್ಸೋಕೆ ಕಳ್ಸಿದ್ನಾ ಅವ್ವಾ, ನಿನ್ನ ಹತ್ರ?" ಅಂತ ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿದಳು.

ಅಜ್ಜಿ ಗೋಡೆಗೊರಗಿ ನಿಂತಿದ್ದಳು. "ಒಂದು ಹನಿನೂ ಚೆಲ್ಲಿಲ್ಲ ಕಣೇ" ಅಂದಳು. "ಲಿಂಗದಾಣೆಗೂ ಒಂದು ಹನಿನೂ ಚೆಲ್ಲಿಲ್ಲ."

ಅಮ್ಮ ಅವತ್ತಿನಿಂದ ತವರಿನ ಹೊಸ್ತಿಲು ತುಳಿಯಲಿಲ್ಲ. ಎಂಥಾ ಹಠ! ಬದುಕಿದವಳು ನಾನು, ನನಗೇ ಇಲ್ಲದ ಸಿಟ್ಟು ಇವಳಿಗ್ಯಾಕೆ ಅಂತ ಎಷ್ಟು ಸಲ ಜಗಳ ಆಡಿದೆನೋ.

ನಾನು ಶಿವಮೊಗ್ಗದಲ್ಲೇ, ವಿನೋಬನಗರದ ಸ್ಕೂಲೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಉಸಿರಲ್ಲಿ ಎಳೆದುಕೊಳ್ಳುವ ಇನ್ಸುಲಿನ್ ಹೊರದೇಶದಲ್ಲಿ ನಿಜವಾಗಿಯೂ ಮಾರಾಟಕ್ಕೆ ಬಂತು. ಅಜ್ಜಿಯ ಕಣ್ಣು ಆಗಲೇ ಮಂಜಾಗಿತ್ತು. ಮಾವ ಸುದ್ದಿ ಓದಿ ಹೇಳಿದ್ದೇ ತಡ, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ನಾನು ಹೇಳಿರ್ಲಿಲ್ವೇನೇ? ನಿಮ್ಮಮ್ಮಂಗೆ ಹೇಳು." ಹೇಳಿದೆ. ಅಕ್ಕಿ ಆರಿಸುತ್ತಿದ್ದ ಅಮ್ಮ ಕೈಗೆ ಸಿಕ್ಕ ಕಲ್ಲೊಂದನ್ನು ತೆಗೆದು ಅಂಗಳಕ್ಕೆ ಎಸೆದಳು.

ಆ ಔಷಧ ಹೆಚ್ಚು ಕಾಲ ನಿಲ್ಲಲಿಲ್ಲ. ಕಂಪನಿಯವರೇ ವಾಪಸ್ ತಗೊಂಡರಂತೆ. ನಾನಂತೂ ಕಣ್ಣಲ್ಲೂ ನೋಡಲಿಲ್ಲ. ಅಜ್ಜಿಗೆ ಮಾತ್ರ, ನಾನೂ ಅದನ್ನೇ ತಗೊಳ್ತಿದೀನಿ ಅಂದುಬಿಟ್ಟಿದ್ದೆ. ಅವಳ ಮನೆಗೆ ಹೋದಾಗ ಊಟಕ್ಕೆ ಮುಂಚೆ ಬಚ್ಚಲುಮನೆ ಚಿಲಕ ಹಾಕಿಕೊಂಡು ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದೆ. ಒಂದು ಸಲ ಗೋಡೆ ತಡವುತ್ತಾ ಬಾಗಿಲ ತನಕ ಬಂದಳು.

"ಎಳ್ಕೊಂಡ್ಯಾ ಪುಟ್ಟಿ?"

ಸೂಜಿ ಇನ್ನೂ ಹೊಟ್ಟೆಯಲ್ಲೇ ಇತ್ತು. "ಹ್ಞೂಂ ಅಜ್ಜಿ, ಎಳ್ಕೊಳ್ತಾ ಇದೀನಿ."

"ನಿಧಾನಕ್ಕೆ ಎಳ್ಕೋ" ಅಂದಳು. "ಒಂದು ಹನಿನೂ ಚೆಲ್ಬೇಡ."