ಉದ್ದ ಜಡೆಯಾಕಿಗೆ ಹದಿನಾಲ್ಕನೆಯ ನಂಬರು

ಚಿನ್ನವ್ವಾ, ಗುಂಡಪ್ಪಾ,

ಕಾಲೇಜಿಗೆ ಹೋಗುವ ಹುಡುಗಿಗೂ ಮೀಸೆ ಮೂಡುತ್ತಿರುವ ಹುಡುಗನಿಗೂ ಈ ಮುದ್ದಿನ ಹೆಸರುಗಳು ಈಗ ನಾಚಿಕೆ ತರುತ್ತವೆ ಎಂದು ಗೊತ್ತು. ಆದರೂ ಈ ಹಾಳೆಗಳಲ್ಲಿ ಇವೇ ಇರಲಿ. ಬೇರೆ ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ಬರೆದರೆ ನಮ್ಮ ಕೆಳಗಿನ ಮನೆಯ, ಆಟ ಕಲಿಸುವ ಸರ್ ಕಾಲೇಜಿನಲ್ಲಿ ತಲೆಯೆತ್ತಿ ಓಡಾಡುವುದು ಕಷ್ಟವಾದೀತು.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಧೈರ್ಯ ಹೋಗುತ್ತದೆ. ಚಿನ್ನವ್ವಾ, ಹೋದ ಮಳೆಗಾಲದಲ್ಲಿ ನೀನು ಕಾಲೇಜು ಸೇರಿದ ಹೊಸತರಲ್ಲಿ ಬಾಸ್ಕೆಟ್‌ಬಾಲ್ ಆಡಲು ಹದಿನಾರು ಹೊಸ ಹುಡುಗಿಯರು ಬಂದಿದ್ದಿರಲ್ಲ, ಅವರಲ್ಲಿ ನಿನಗೆ ಒಂದು ಗುಟ್ಟಿನ ಪಟ್ಟಿಯಲ್ಲಿ ಹದಿನಾಲ್ಕನೆಯ ನಂಬರು ಕೊಟ್ಟವರು ಸರ್ ಅಲ್ಲ. ನಾನು.

ಏಳನೆಯ ಇಯತ್ತೆಯವರೆಗೆ ಹಳ್ಳಿ ಶಾಲೆಯಲ್ಲಿ ಓದಿದ ಈ ಮುದುಕಿ ಆಯಿಗೆ ಚೆಂಡಿನ ಆಟದ ಬಗ್ಗೆ ಏನು ಗೊತ್ತು ಎಂದು ನೀವು ಕೇಳಬಹುದು. ಆಟದ ನಿಯಮ ಈಗಲೂ ಪೂರ್ತಿ ಗೊತ್ತಿಲ್ಲ. ಸರ್ ಯಾಕೆ ಅಷ್ಟೊಂದು ಸಲ ಸೀಟಿ ಊದುತ್ತಾರೋ ದೇವರಿಗೇ ಗೊತ್ತು. ಆದರೆ ನಮ್ಮ ಮನೆಯ ಗ್ಯಾಲರಿಯ ಕಂಬಿ ಹಿಡಿದು ನಿಂತರೆ ಕೆಳಗೆ ಕಾಲೇಜಿನ ಅಂಗಳ ಅಂಗೈಯಂತೆ ಕಾಣುತ್ತದೆ. ನಿಮ್ಮ ಅಜ್ಜ ಭೋಸರಿಯ ಕಾರ್ಖಾನೆಯಿಂದ ರಿಟೈರ್ ಆಗಿ ಈ ಮನೆ ತೆಗೆದುಕೊಂಡಾಗಿನಿಂದ, ಅವರು ತೀರಿಕೊಂಡ ಮೇಲಂತೂ ಇನ್ನೂ ಹೆಚ್ಚಾಗಿ, ಬಟ್ಟೆ ಒಣಹಾಕುತ್ತ, ಸಂಡಿಗೆ ಕಾಯುತ್ತ ನಾನು ಅಲ್ಲೇ ಇರುತ್ತೇನೆ. ನಾನು ಮಾತು ಕಡಿಮೆಯ ಹೆಂಗಸು. ಇಷ್ಟು ವರ್ಷ ಪುಣೆಯಲ್ಲಿದ್ದರೂ ಕಾಯಿಪಲ್ಲೆಯವನಿಗೆ ಬೆರಳು ತೋರಿಸಿಯೇ ಕೆಲಸ ಮುಗಿಸುತ್ತೇನೆ. ಮನೆಗೆ ಯಾರಾದರೂ ಬಂದರೆ ಅಡುಗೆಮನೆ ಸೇರುತ್ತೇನೆ. ನಾಚಿಕೆಯವರಿಗೆ ಒಂದು ಲಾಭವಿದೆ. ಅವರು ಎಲ್ಲರನ್ನೂ ನೋಡುತ್ತಿರುತ್ತಾರೆ, ಅವರನ್ನು ಯಾರೂ ನೋಡುವುದಿಲ್ಲ.

ನೋಡುವುದನ್ನು ಕಲಿಸಿದವನು ನನ್ನ ಅಪ್ಪ. ಅವನು ಊರವರಿಗೆಲ್ಲ ಎಳೆಗರು ಆರಿಸಿಕೊಡುತ್ತಿದ್ದ. ಕೊಳ್ಳುವ ಮುಂಚೆ ಜನ ಕರುಗಳನ್ನು ನಮ್ಮ ಅಂಗಳಕ್ಕೆ ಹೊಡೆದುಕೊಂಡು ಬರುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಅಪ್ಪ ಕೋಡು, ಬಣ್ಣ, ಎತ್ತರ ಯಾವುದನ್ನೂ ಮೊದಲು ನೋಡುತ್ತಿರಲಿಲ್ಲ. ಕರು ದಣಿಯುವವರೆಗೆ ಸುಮ್ಮನೆ ಕುಳಿತಿರುತ್ತಿದ್ದ. ಮಲಗಿದ್ದು ಹೇಗೆ ಏಳುತ್ತದೆ, ನೀರಿಗೆ ನುಗ್ಗುತ್ತದೋ ಕಾಯುತ್ತದೋ, ಹಿಂದಿನಿಂದ ಯಾರಾದರೂ ನಡೆದರೆ ಕಿವಿ ಯಾವ ಕಡೆ ಹೊರಳುತ್ತದೆ, ಇವೇ ಅವನ ಲೆಕ್ಕ. “ಇವತ್ತಿನ ಕರು ಎಲ್ಲಾರಿಗೂ ಕಾಣತದ. ಮೂರು ವರ್ಷದ ಮ್ಯಾಲಿನ ಎತ್ತು ಅದರೊಳಗ ಎಲ್ಲಿ ನಿಂತದ ಅಂತ ನೋಡಬೇಕವ್ವ” ಎನ್ನುತ್ತಿದ್ದ. ಕಾಲೇಜಿನ ಹುಡುಗಿಯರನ್ನು ಕರುಗಳಿಗೆ ಹೋಲಿಸುವುದು ಮರ್ಯಾದೆಯಲ್ಲ ಎಂದು ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ. ಸಿಟ್ಟು ಬಂದರೆ ಒಂದು ಗುಟುಕು ನೀರು ಕುಡಿಯಿರಿ.

ಇನ್ನು ಸರ್ ವಿಷಯ. ಅವರು ವಿಜಯಪುರದ ಕಡೆಯವರು, ರವಿವಾರ ಜೋಳದ ರೊಟ್ಟಿಯ ವಾಸನೆ ಹಿಡಿದು ಮೇಲೆ ಬರುವವರು. ಆ ಕಾಲೇಜಿನಲ್ಲಿ ಆಟ ಕಲಿಸುವವರು ಮೂವರು: ಸರ್, ಹುಡುಗರಿಗೆ ಕಲಿಸುವ ಇನ್ನೊಬ್ಬರು, ಮತ್ತು ಇಬ್ಬರ ಮೇಲೂ ಯಜಮಾನಿಕೆ ಮಾಡುವ ಒಬ್ಬ ಮ್ಯಾಡಮ್. ಪ್ರತಿ ಮಳೆಗಾಲ ಹೊಸ ಹುಡುಗಿಯರು ಬಂದಾಗ ಈ ಮೂವರೂ ಒಂದು ಪಂಥ ಕಟ್ಟುತ್ತಾರಂತೆ. ಮೂರನೆಯ ವರ್ಷಕ್ಕೆ ಯಾರು ಎಷ್ಟು ಬೆಳೆದಿರುತ್ತಾರೆ ಎಂದು ಒಂದರಿಂದ ಕೊನೆಯವರೆಗೆ ನಂಬರು ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ಕಪಾಟಿನಲ್ಲಿ ಇಡುತ್ತಾರೆ. ಮೂರನೆಯ ವರ್ಷ ತೆಗೆದು ನೋಡುತ್ತಾರೆ. ಸೋತವರು ಉಳಿದಿಬ್ಬರನ್ನು ಲೋಣಾವಳಾಕ್ಕೆ ಕರೆದೊಯ್ದು ಮಳೆಯಲ್ಲಿ ಭಜಿ ತಿನ್ನಿಸಬೇಕು. ನಮ್ಮ ಸರ್‌ಗೆ ಲೋಣಾವಳಾದ ಭಜಿ ಅಂಗಡಿಯವರೆಲ್ಲ ಪರಿಚಯವಾಗಿಬಿಟ್ಟಿದ್ದರು.

ಒಂದು ವರ್ಷ ಅವರು ನಮ್ಮ ಗ್ಯಾಲರಿಯಲ್ಲಿ ಕುಳಿತು, ಪೆನ್ನು ಕಚ್ಚುತ್ತ, ಎತ್ತರದವರನ್ನೆಲ್ಲ ಮೇಲೆ ಬರೆಯುತ್ತಿದ್ದರು. ನಾನು ಬಟ್ಟೆ ಮಡಿಸುತ್ತ, ಬಟ್ಟೆಗೇ ಹೇಳುವವಳಂತೆ, ಆ ಕುಳ್ಳ ಹುಡುಗಿ ಬಿದ್ದಾಗ ಯಾರ ಕೈಯನ್ನೂ ಹಿಡಿಯದೆ ಏಳುತ್ತಾಳೆ ಎಂದೆ. ಸರ್ ನಕ್ಕರು. ಆದರೆ ಆ ವರ್ಷ ನನ್ನ ರೊಟ್ಟಿಯ ಮುಲಾಜಿಗೆ ಅವಳನ್ನು ಮೊದಲನೆಯವಳಾಗಿ ಬರೆದರು. ಮೂರನೆಯ ವರ್ಷ ಕುಳ್ಳಿಯೇ ಕ್ಯಾಪ್ಟನ್ ಆದಳು. ಹುಟ್ಟಿ ಮೊದಲ ಸಲ ಸರ್ ಬೇರೆಯವರ ಲೆಕ್ಕದಲ್ಲಿ ಭಜಿ ತಿಂದು ಬಂದರು.

ಅದೇ ಮಳೆಗಾಲದಲ್ಲಿ ನೀನು ಕಾಲೇಜು ಸೇರಿದೆ. ಸರ್ ಬಂದು ಈ ಸಲ ಪಟ್ಟಿ ಪೂರ್ತಿ ನಾನೇ ಬರೆದುಕೊಡಬೇಕು, ಕನ್ನಡದಲ್ಲೇ ಬರೆಯಬೇಕು, ಮ್ಯಾಡಮ್ ಇಣುಕಿದರೂ ಓದಲು ಬರಬಾರದು ಎಂದರು. ನಾನು ಒಲ್ಲೆ ಎಂದು ತಲೆ ಅಲ್ಲಾಡಿಸಿದೆ. ಒಳಗೆ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದೆ. ನನ್ನನ್ನು ಯಾರಾದರೂ ಏನಾದರೂ ಬರೆದುಕೊಡಿ ಎಂದು ಕೇಳಿ ಎಷ್ಟು ಕಾಲವಾಗಿತ್ತು!

ಎರಡು ವಾರ ನೋಡಿದೆ. ಸಂಡಿಗೆಗೆ ಮಳೆ ಬಿದ್ದರೂ ಲಕ್ಷ್ಯವಿರಲಿಲ್ಲ. ಹುಡುಗಿಯರ ಹೆಸರು ಗೊತ್ತಿಲ್ಲದ್ದರಿಂದ ನನಗೆ ಕಂಡಂತೆ ಬರೆದೆ. ಹಸಿರು ಬೂಟಿನಾಕಿ, ಒಂದು. ಇವಳು ನೀರಿನ ಬಾಟಲಿಯನ್ನು ಬೇರೆಯವರಿಗೆ ಕೊಟ್ಟು ಕೊನೆಗೆ ಕುಡಿಯುತ್ತಿದ್ದಳು, ಆದರೆ ಚೆಂಡನ್ನು ಯಾರಿಗೂ ಬಿಡುತ್ತಿರಲಿಲ್ಲ. ಕೊಡ ಹೊತ್ತವಳಂತೆ ನಡೆಯಾಕಿ, ಎರಡು. ಚಸ್ಮಾದಾಕಿ, ಐದು. ಕೂದಲಿಗೆ ಕೆಂಪು ಬಣ್ಣ ಹಚ್ಚಿ, ಮೊಬೈಲಿನಲ್ಲಿ ತನ್ನದೇ ಫೋಟೊ ತೆಗೆದುಕೊಳ್ಳುತ್ತಿದ್ದವಳನ್ನು ಎಲ್ಲರೂ ಹೊಗಳುತ್ತಿದ್ದರು. ಅವಳಿಗೆ ಹದಿನೈದು ಕೊಟ್ಟೆ. ಕೊಡುವಾಗ ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಉಳಿದವಳು ನೀನು. ಉದ್ದ ಜಡೆಯಾಕಿ.

ಅಪ್ಪನ ಕಣ್ಣಿನಿಂದ ನೋಡಿದರೆ ನಿನ್ನದು ಎಂಟನೆಯ ಜಾಗ. ಕೈ ಒಳ್ಳೆಯದು, ಉಸಿರು ಗಟ್ಟಿ. ಬಿದ್ದರೆ ಅಳುವುದಿಲ್ಲ. ಆದರೆ ಒಂದು ದೋಷ. ಚೆಂಡನ್ನು ಬುಟ್ಟಿಗೆ ಹಾಕಿದ ಕೂಡಲೇ ತಲೆಯೆತ್ತಿ ನಮ್ಮ ಗ್ಯಾಲರಿಯ ಕಡೆ ನೋಡುತ್ತಿದ್ದೆ. ನಾನು ಒದ್ದೆ ಸೀರೆ ಹಿಡಿದುಕೊಂಡೇ ಕೈ ಎತ್ತುತ್ತಿದ್ದೆ. ಅಷ್ಟರಲ್ಲಿ ಎದುರು ಗುಂಪಿನವರು ಅರ್ಧ ಅಂಗಳ ದಾಟಿರುತ್ತಿದ್ದರು.

ಎಂಟು ಎಂದು ಬರೆಯಲು ಪೆನ್ನು ಊರಿದೆ. ಕೈ ಮುಂದೆ ಹೋಗಲಿಲ್ಲ. ನಮ್ಮ ಮನೆಗಳಲ್ಲಿ ಊಟಕ್ಕೆ ಹಾಕುವಾಗ ಬಂದವರ ಮಕ್ಕಳು ಮೊದಲನೆಯ ಪಂಕ್ತಿ, ಮನೆಯ ಮಕ್ಕಳು ಕೊನೆಯ ಪಂಕ್ತಿ. ಹೋಳಿಗೆ ಕಡಿಮೆ ಬಿದ್ದರೆ ನಮ್ಮವರಿಗೇ ಬೀಳಬೇಕು. ನಾನು ಹುಟ್ಟಿದಾಗಿನಿಂದ ಹಾಗೆಯೇ ಉಂಡವಳು, ಹಾಗೆಯೇ ಬಡಿಸಿದವಳು. ಎಂಟು ಮಂದಿ ಪರರ ಮಕ್ಕಳನ್ನು ಹಿಂದಕ್ಕೆ ನಿಲ್ಲಿಸಿ ನನ್ನ ಮೊಮ್ಮಗಳಿಗೆ ಮೊದಲು ಬಡಿಸುವುದು ಹೇಗೆ? ಪಟ್ಟಿ ನಾನು ಬರೆದದ್ದೆಂದು ಸರ್ ಒಬ್ಬರನ್ನು ಬಿಟ್ಟು ಲೋಕದಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಆದರೂ ಯಾರೋ ನೋಡುತ್ತಿದ್ದಾರೆ ಎಂಬಂತೆ ಕಿವಿ ಬಿಸಿಯಾಯಿತು. ನಿನ್ನನ್ನು ಇಳಿಸುತ್ತ ಇಳಿಸುತ್ತ ಹದಿನಾಲ್ಕಕ್ಕೆ ತಂದು ನಿಲ್ಲಿಸಿದೆ. ಕೊನೆಗೆ ಇಡದಿದ್ದುದೇ ನನ್ನ ಪಕ್ಷಪಾತ ಎಂದುಕೊಂಡೆ.

ಲಕೋಟೆಯ ಆಟ ತಾನೇ, ಯಾರಿಗೇನು ನಷ್ಟ ಎಂದು ಸಮಾಧಾನವಾಗಿದ್ದೆ. ಸರ್ ನನಗೆ ಒಂದು ಮಾತು ಹೇಳಿರಲಿಲ್ಲ. ತಾಲೀಮಿಗೆ ತೆಗೆದುಕೊಳ್ಳುವುದು ಹನ್ನೆರಡು ಹುಡುಗಿಯರನ್ನು ಮಾತ್ರ. ಆ ಹನ್ನೆರಡನ್ನೂ ಅವರು ಲಕೋಟೆ ಅಂಟಿಸುವ ಮೊದಲು ನನ್ನ ಪಟ್ಟಿಯಿಂದಲೇ ಇಳಿಸಿಕೊಂಡಿದ್ದರು.

ಆ ಸೋಮವಾರ ನೀನು ಬೋರ್ಡು ನೋಡಿ ಬಂದದ್ದು ನೆನಪಿದೆಯಾ? ಬೂಟು ಬಿಚ್ಚದೆ ಒಳಗೆ ಬಂದೆ. ಮೂರು ದಿನ ಅಂಗಳದ ಕಡೆ ಕಾಲಿಡಲಿಲ್ಲ. ಐದನೆಯ ತರಗತಿಯಿಂದ ಆಡಿದವಳು ಚೆಂಡನ್ನು ಮಂಚದ ಕೆಳಗೆ ತಳ್ಳಿದೆ. ಚಾಕಣದಿಂದ ಕಂಪನಿ ಬಸ್ಸಿನಲ್ಲಿ ದಣಿದು ಬಂದ ನಿನ್ನ ಅಪ್ಪ, ಹೋಗಲಿ ಬಿಡು, ಇನ್ನು ಓದಿನ ಕಡೆ ಗಮನ ಕೊಡು ಎಂದ. ನೀನು ಸರ್‌ಗೆ ಕಣ್ಣಿಲ್ಲ ಎಂದೆ. ನಾನು ನಿನಗೆ ರವೆ ಬೆಲ್ಲದ ಸಜ್ಜಕ ಮಾಡಿ ಹಾಕಿದೆ. ನೀನು ತಿನ್ನಲಿಲ್ಲ. ಆ ಸಜ್ಜಕವನ್ನು ನಾನೇ ತಿಂದೆ.

ನಾಲ್ಕನೆಯ ದಿನ ಸೆರಗು ಹೊದ್ದುಕೊಂಡು ಮೂರು ಮಹಡಿ ಇಳಿದು ಸರ್ ಬಾಗಿಲು ಬಡಿದೆ. ಅವರಿಗೆ ಗಾಬರಿಯಾಯಿತು. ನಾನು ಯಾರ ಬಾಗಿಲನ್ನೂ ಬಡಿದವಳಲ್ಲ. ನಿಂತಲ್ಲೇ ನಿಂತು, ನೆಲ ನೋಡುತ್ತ, ಹದಿನಾಲ್ಕು ತಪ್ಪು, ಎಂಟು ಆಗಬೇಕು ಎಂದೆ. ಸರ್ ಬಹಳ ಮೃದುವಾಗಿ ನಕ್ಕರು. ಆ ನಗು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

“ಅವ್ವಾರ, ಮೊದಲ ಬರದದ್ದ ಖರೆ ಅದ. ಈಗ ಮೊಮ್ಮಗಳು ಅತ್ತಾಳ, ಅದಕ್ಕ ನಿಮಗ ಎಂಟು ಕಾಣಾಕತ್ತದ. ಸ್ವಂತ ಮೊಮ್ಮಗಳನ್ನ ಹದಿನಾಲ್ಕಕ್ಕ ಇಟ್ಟವರು ಉಳಿದವರ ಬಗ್ಗೆ ಸುಳ್ಳು ಬರದಾರೇನ್ರಿ? ಅದನ್ನ ನೋಡೇ ನಾ ಇಡೀ ಪಟ್ಟಿ ನಂಬಿದ್ದು.”

ನೋಡಿ, ಇಡೀ ಪಟ್ಟಿಯಲ್ಲಿ ನಾನು ಬರೆದ ಸುಳ್ಳು ಒಂದೇ. ಆ ಒಂದು ಸುಳ್ಳಿನಿಂದಲೇ ಉಳಿದ ಹದಿನೈದು ನಿಜಕ್ಕೆ ಬೆಲೆ ಬಂದಿತ್ತು. ಪಂಕ್ತಿಯ ಕಥೆ ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಅದರ ಬದಲು ಬಂದದ್ದು ಬೇರೆ. ಬೋರ್ಡಿನ ಪಟ್ಟಿ ಬದಲಿಸಬೇಡಿ, ಯಾರ ಮಗುವನ್ನೂ ತೆಗೆಯಬೇಡಿ, ಬಿಟ್ಟುಹೋದ ನಾಲ್ವರಿಗೆ ಒಬ್ಬ ದೊಡ್ಡ ಹುಡುಗಿಯನ್ನು ಸೇರಿಸಿ ಐದು ಮಂದಿ ಮಾಡಿ ಒಂದು ಸಲ ಆಡಿಸಿ ನೋಡಿ ಎಂದೆ. ಸರ್ ಸಮಯವಿಲ್ಲ ಎಂದರು.

“ಹಂಗಾರ ಪಟ್ಟಿ ಯಾರು ಬರದಾರ ಅಂತ ಮ್ಯಾಡಮ್‌ಗ ಹೋಗಿ ಹೇಳತೀನ್ರಿ.”

“ಅವ್ವಾರ, ನೀವ?”

“ಮರಾಠಿಯೊಳಗ ಹೇಳತೀನಿ” ಎಂದೆ.

ನಾನೇ ಬೆದರಿಬಿಟ್ಟೆ. ಮರಾಠಿಯಲ್ಲಿ ನಾಲ್ಕು ಮಾತು ಒಟ್ಟಿಗೆ ಆಡಿದ್ದು ನನಗೇ ನೆನಪಿಲ್ಲ. ಸರ್‌ಗೆ ಅದು ಗೊತ್ತಿತ್ತೋ ಇಲ್ಲವೋ, ಶನಿವಾರ ಬೆಳಿಗ್ಗೆ ಆಡಿಸುತ್ತೇನೆ ಎಂದರು. ಮೇಲೆ ಬರುವಾಗ ಮೆಟ್ಟಿಲ ಮೇಲೆ ಎರಡು ಸಲ ಕುಳಿತೆ. ನಗು ಬರುತ್ತಿತ್ತು.

ಶನಿವಾರ ಸರ್ ಕರೆ ಕಳಿಸಿದಾಗ ನೀನು ಹೋಗಲೋ ಬೇಡವೋ ಎಂದೆ. ಬೂಟು ತೊಳೆದು ಇಟ್ಟವಳು ನಾನು, ಅದೂ ಗೊತ್ತಿರಲಿ. ನೀನು ಇಳಿದು ಹೋದ ಮೇಲೆ ಗ್ಯಾಲರಿಯ ಬಾಗಿಲು ಹಾಕಿದೆ. ತಂತಿಯ ಮೇಲೆ ದೊಡ್ಡ ಚಾದರ ಹರವಿದೆ. ಕೆಳಗಿನಿಂದ ಯಾರು ನೋಡಿದರೂ ಚಾದರದ ಹೂವು ಬಿಟ್ಟು ಏನೂ ಕಾಣಬಾರದು. ಆಮೇಲೆ ಅಡುಗೆಮನೆಗೆ ಹೋಗಿ ಕಿಟಕಿಗೆ ಬೆನ್ನು ಮಾಡಿ ರೊಟ್ಟಿ ಬಡಿಯಲು ಕುಳಿತೆ. ಎರಡು ವಾರ ಪರರ ಮಕ್ಕಳ ಆಟವನ್ನು ಕಣ್ಣು ಮಿಟುಕಿಸದೆ ನೋಡಿದವಳು ನಿನ್ನ ಆಟವನ್ನು ಬೇಕೆಂದೇ ನೋಡಲಿಲ್ಲ. ಕೇಳಿಸಿಕೊಂಡೆ. ಚೆಂಡು ನೆಲಕ್ಕೆ ಬೀಳುವ ಸದ್ದಿಗೂ ನನ್ನ ಕೈಯ ಬಡಿತಕ್ಕೂ ತಾಳ ತಪ್ಪಿ ನಾಲ್ಕು ರೊಟ್ಟಿ ಹರಿದವು. ಸೀಟಿ ಕೇಳಿದಾಗೆಲ್ಲ ಹಿಟ್ಟಿನ ಕೈಯಲ್ಲೇ ಏಳಬೇಕೆನಿಸುತ್ತಿತ್ತು. ಏಳಲಿಲ್ಲ.

ಆಟ ಮುಗಿದ ಮೇಲೆ ನಿನಗಿಂತ ಮುಂಚೆ ಸರ್ ಮೇಲೆ ಬಂದರು. ಕುಳಿತುಕೊಳ್ಳಲಿಲ್ಲ. ಬಿಟ್ಟವರ ಗುಂಪು ಸೋತಿತು, ಆದರೆ ಕಷ್ಟಪಟ್ಟು ಸೋತಿತು ಎಂದರು. ಮೊದಮೊದಲು ನೀನು ಮೂರು ಸಲ ಮೇಲೆ ನೋಡಿದೆಯಂತೆ. ಚಾದರ ಕಂಡಿತಂತೆ. ಆಮೇಲೆ ನೋಡಲೇ ಇಲ್ಲವಂತೆ.

“ಎಂಟೂ ತಪ್ಪು ಅದ ಅವ್ವಾರ” ಎಂದರು.

ಹಂಗಾರ ಎಷ್ಟರಿ ಎಂದು ಕೇಳಿದೆ.

“ಆರು. ನೀವು ಗ್ಯಾಲರ್ಯಾಗ ನಿಲ್ಲದಿದ್ದರ.”

ಯಾರನ್ನೂ ತೆಗೆಯದೆ ನಿನ್ನನ್ನು ಹದಿಮೂರನೆಯವಳಾಗಿ ಸೇರಿಸಿಕೊಂಡರು. ಆಟದ ಬಟ್ಟೆ ಹನ್ನೆರಡೇ ಬಂದಿದ್ದವು, ಹಾಗಾಗಿ ನಿನಗೆ ಹಳೆಯ ಹುಡುಗಿಯೊಬ್ಬಳ ಬನಿಯನ್ ಸಿಕ್ಕಿತು. ಮೊಣಕಾಲಿಗೆ ಬರುತ್ತಿತ್ತು. ಅದನ್ನು ಹಾಕಿಕೊಂಡೇ ಮನೆಗೆ ಬಂದು, ಸರ್‌ಗೆ ಕೊನೆಗೂ ಬುದ್ಧಿ ಬಂತು ಆಯಿ, ತಮ್ಮ ತಪ್ಪು ತಾವೇ ತಿದ್ದಿಕೊಂಡರು ಎಂದು ಕುಣಿದೆ. ನಾನು, ಹೌದಾ ಅವ್ವ, ದೊಡ್ಡ ಮನಸ್ಸು ಅವರದು ಎಂದು ಹರಿದ ರೊಟ್ಟಿಗಳನ್ನೇ ಬಡಿಸಿದೆ. ನೀನು ನಾಲ್ಕನ್ನೂ ತಿಂದೆ. ಗುಂಡಪ್ಪನಿಗೆ ಅವತ್ತು ನೆಟ್ಟಗಿನ ರೊಟ್ಟಿ ಸಿಕ್ಕಿದ್ದಕ್ಕೆ ಕಾರಣ ಇದು.

ಈಗ ನಿಮಗೆ ಎಲ್ಲ ಗೊತ್ತಾಯಿತು. ನೀನು ಅಂಗಳಕ್ಕೆ ಇಳಿದಾಗೆಲ್ಲ ನನಗೆ ಮೊಣಕಾಲು ನೋವು ಬರುವುದು, ಚಾದರ ಒಗೆಯುವ ಹುಚ್ಚು ಹಿಡಿಯುವುದು ಯಾಕೆ ಎಂದೂ ಗೊತ್ತಾಯಿತು. ಚಾದರದ ಸಂದಿಯಲ್ಲಿ ಆಗೊಮ್ಮೆ ಈಗೊಮ್ಮೆ ನೋಡುತ್ತೇನೆ. ನೀನು ಮೇಲೆ ನೋಡಬೇಡ.

ಸಿಟ್ಟಾದರೆ ಆಗು ಚಿನ್ನವ್ವಾ, ನಾಲ್ಕು ದಿನ ಮಾತು ಬಿಡು. ಹಾಳೆ ಮಾತ್ರ ಹರಿಯಬೇಡ. ಗುಂಡಪ್ಪಾ, ನೀನು ಇದರ ಫೋಟೊ ತೆಗೆದು ಯಾರಿಗೂ ಕಳಿಸಬೇಡ. ಇಬ್ಬರೂ ಸೇರಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಳೆಗೂ ಮ್ಯಾಡಮ್‌ಗೂ ಸಿಗದ ಜಾಗದಲ್ಲಿ ಜೋಪಾನವಾಗಿ ಇಡಿ. ಕಪಾಟಿನಲ್ಲಿರುವ ಪಟ್ಟಿಯಲ್ಲಿ ಉದ್ದ ಜಡೆಯಾಕಿಯ ಮುಂದೆ ಈಗಲೂ ಹದಿನಾಲ್ಕೇ ಇದೆ. ಲಕೋಟೆ ಅಂಟಿಸಿಯಾಗಿದೆ, ತಿದ್ದಲು ಬರುವುದಿಲ್ಲ. ನಿನ್ನ ಆಯಿ ಅವತ್ತು ಕಂಡದ್ದು ಎಂಟು ಎಂದು ಅವಳದೇ ಅಕ್ಷರದಲ್ಲಿ ಇರುವುದು ಈ ಹಾಳೆಯಲ್ಲಿ ಮಾತ್ರ.