ಅವಳಿಗೊಂದು ರೂಮು

ಮಸ್ಕಿಗೆ ಅಶೋಕನ ಶಾಸನ ನೋಡಲು ಬರುವವರು ಗುಡ್ಡ ಇಳಿದ ಮೇಲೆ ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ಕಡಿಮೆ ಬಾಡಿಗೆಗೆ ಒಳ್ಳೆಯ ಲಾಡ್ಜ್ ಯಾವುದು? ಸಿಂಧನೂರಿಗೆ ಹೋಗಿ, ಇಲ್ಲವೇ ಲಿಂಗಸುಗೂರಿಗೆ ಹೋಗಿ ಎಂದು ಎರಡೂ ದಿಕ್ಕಿಗೆ ಕೈ ತೋರಿಸಿ ನಾನು ಮನೆಗೆ ಬರುತ್ತಿದ್ದೆ. ಸ್ವತಃ ಒಂದು ಲಾಡ್ಜಿನ ಮೆಟ್ಟಿಲನ್ನೂ ಹತ್ತಿದವನಲ್ಲ. ನಮ್ಮ ಕಡೆ ಬಂದ ನೆಂಟರನ್ನು ಲಾಡ್ಜಿಗೆ ಇಳಿಸುವುದೆಂದರೆ ಬೈದು ಕಳಿಸಿದ ಹಾಗೆ. ಮನೆ ತುಂಬಿದರೆ ಮಾಳಿಗೆಯ ಮೇಲೆ ಜಮಖಾನ ಹಾಸುತ್ತೇವೆ. ಅದೂ ತುಂಬಿದರೆ ಪಕ್ಕದ ಮನೆಯವರು ತಾವಾಗಿ ಬಂದು ಇಬ್ಬರನ್ನು ಕರೆದೊಯ್ಯುತ್ತಾರೆ.

ಈಚೆಗೆ ಮಗಳ ಮದುವೆ ಗೊತ್ತಾಯಿತು. ಕಲಬುರಗಿಯಿಂದ ಅವಳ ತಾಯಿ ಬರುವವಳಿದ್ದಳು. ಅವಳು ನನ್ನನ್ನು ಬಿಟ್ಟು ಹೋಗಿ ಕೆಲವು ವರ್ಷಗಳಾಗಿವೆ. ಕೋರ್ಟಿನ ಕೆಲಸವೂ ಮುಗಿದಿದೆ. “ನೀವು ಸಂಸಾರ ಮಾಡಿದ್ದು ನನ್ನ ಜೋಡಿ ಅಲ್ಲ, ನಾಳಿನ ಫಿಕರ್ ಜೋಡಿ,” ಎಂದು ಹೇಳಿ ಹೋದವಳು. ತಪ್ಪೇನೂ ಹೇಳಲಿಲ್ಲ.

“ಅವ್ವಗ ಒಂದು ರೂಮು ನೋಡಪ್ಪ,” ಎಂದಳು ಮಗಳು. “ಭಾಳ ತುಟ್ಟೀದು ಬ್ಯಾಡ, ಬಾಡಿಗಿ ತಾನೇ ಕೊಡ್ತೀನಿ ಅಂದಾಳ. ನೀ ನೋಡೀದಿ ಅಂತ ನಾ ಹೇಳಂಗಿಲ್ಲ.”

ಮದುವೆಯ ಅಡುಗೆಯವರನ್ನು ಬಿಟ್ಟು ನಾನು ರೂಮಿನ ಬೆನ್ನು ಹತ್ತಿದೆ. ನನ್ನೂರಿಗೆ ಬಂದಾಗ ಅವಳಿಗೆ ಒಂದು ರಾತ್ರಿ ಸುಖವಾಗಿ ನಿದ್ದೆ ಬರಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಮಸ್ಕಿಯ ಬಸ್‌ಸ್ಟ್ಯಾಂಡ್ ಮುಂದಿನ ಲಾಡ್ಜನ್ನು ಹೊರಗಿನಿಂದಲೇ ಬೇಡವೆಂದೆ. ಹಾರ್ನು, ಕಂಡಕ್ಟರುಗಳ ಕೂಗು. ಅವಳಿಗೆ ಗಡಿಯಾರದ ಟಿಕ್‌ಟಿಕ್‌ಗೂ ಎಚ್ಚರವಾಗುತ್ತಿತ್ತು. ಮಲಗುವ ಮುಂಚೆ ಗೋಡೆ ಗಡಿಯಾರದ ಸೆಲ್ ತೆಗೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಸಿಂಧನೂರಿನಲ್ಲಿ ಭತ್ತದ ಕೊಯ್ಲು. ಕಟಾವು ಮಷೀನಿನ ಡ್ರೈವರುಗಳು ಲಾಡ್ಜು ಹಿಡಿದುಕೊಂಡಿದ್ದರು. ಕಾರಿಡಾರಿನ ತುಂಬ ಒಣಹಾಕಿದ ಲುಂಗಿ, ತೆಲುಗು ಹಾಡು, ಭತ್ತದ ಧೂಳು. ಸುಗ್ಗಿಯಲ್ಲಿ ಸಿಂಧನೂರು ದಾರಿಯ ಗೊರೇಬಾಳ ದಾಟುವಾಗ ಬಸ್ಸಿನೊಳಗೂ ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದವಳು ಅವಳು. ಅದೂ ಬೇಡವಾಯಿತು.

ಲಿಂಗಸುಗೂರಿನಲ್ಲಿ ಸಿಕ್ಕಿತು. ಹಿಂಬದಿಯ ರೂಮು, ಕಿಟಕಿಗೆ ಬೇವಿನ ಮರ, ಮೆಟ್ಟಿಲು ಕಡಿಮೆ. ನಲ್ಲಿ ತಿರುವಿದೆ, ಫ್ಯಾನಿನ ಸದ್ದು ಆಲಿಸಿದೆ, ಚಪ್ಪಲಿ ಕಳಚಿ ಮಂಚದ ಮೇಲೆ ಮಲಗಿ ಹೊರಳಿದೆ.

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರು, “ಹೆಣ್ಣು ನೋಡಾಕ ಬಂದೋರೂ ಇಷ್ಟು ನೋಡಂಗಿಲ್ಲ ಬಿಡ್ರಿ,” ಎಂದ. “ರೂಮು ಯಾರಿಗ್ರೀ?”

“ನೆಂಟರಿಗ್ರಿ. ಮಸ್ಕ್ಯಾಗ ಮಗಳ ಮದುವಿ ಐತಿ.”

“ಮನ್ಯಾಗ ಜಾಗ ಸಾಲಂಗಿಲ್ಲೇನ್ರಿ?”

“ಜಾಗ ಐತ್ರಿ,” ಎಂದೆ.

ಅವನು ಸ್ಟೂಲು ತಂದು ಫ್ಯಾನಿಗೆ ಎಣ್ಣೆ ಬಿಟ್ಟ.

ದಿಂಬು ಮಾತ್ರ ದಪ್ಪವಿತ್ತು. ಅವಳ ತೆಳು ದಿಂಬು ಇನ್ನೂ ನಮ್ಮ ಮನೆಯಲ್ಲಿಯೇ ಇದೆ, ಆದರೆ ಅದನ್ನು ಒಯ್ದಿಡುವಷ್ಟು ಧೈರ್ಯ ನನಗೆಲ್ಲಿಯದು. ಅಂಥದೇ ಇನ್ನೊಂದನ್ನು ಹೊಲಿಸಿ, ಮದುವೆಯ ಹಿಂದಿನ ದಿನ ಲಿಂಗಸುಗೂರಿಗೆ ಹೋಗಿ ಮಂಚದ ಮೇಲಿಟ್ಟು ಬಂದೆ.

ಮದುವೆಯ ಬೆಳಿಗ್ಗೆ ಕೇಳಿದೆ: “ಅವ್ವನ್ನ ಕರಕೊಂಡು ಬರಾಕ ಲಿಂಗಸುಗೂರಿಗೆ ಗಾಡಿ ಹೋತೇನು?”

“ಆಕಿ ಇಲ್ಲೇ ಅದಾಳಪ್ಪ,” ಎಂದಳು ಮಗಳು. “ನಿನ್ನೆ ಸಂಜೀಕೇ ರೂಮು ಬದಲಿ ಮಾಡ್ಯಾಳ. ಅಲ್ಲಿ ಭಾಳ ಗಪ್‌ಚುಪ್ ಐತಿ, ಎದಿ ಹಾರತೈತಿ ಅಂದ್ಲು. ಬಸ್‌ಸ್ಟ್ಯಾಂಡ್ ಮುಂದಿನ ಲಾಡ್ಜಿಗೆ ಬಂದಾಳ.”

“ಆ ಗದ್ದಲದಾಗ ಆಕಿಗೆ ನಿದ್ದಿ ಎಲ್ಲಿ ಬರತೈತಿ?”

“ಕಲಬುರಗ್ಯಾಗ ಆಕಿ ಇರೋದೇ ಬಸ್‌ಸ್ಟ್ಯಾಂಡ್ ಬಾಜೂಕ. ಈಗ ಸಪ್ಪಳ ಇಲ್ಲಂದ್ರ ಆಕಿಗೆ ನಿದ್ದಿ ಬರಂಗಿಲ್ಲ,” ಎಂದು ಮಗಳು ನನ್ನ ಮುಖ ನೋಡಿ, ಅಂಗಿಯ ಕಾಲರು ಸರಿಮಾಡಿದಳು.

ಬುದ್ಧನ ಫೋಟೊದ ಮುಂದೆ ವಧೂವರರು ನಿಂತಾಗ ಅವಳು ಒಂದು ಬದಿಗೆ, ನಾನು ಒಂದು ಬದಿಗೆ ನಿಂತೆವು. ಊಟದ ಹೊತ್ತಿಗೆ ಎದುರಾದಳು. ಮೈ ತುಂಬಿಕೊಂಡಿದ್ದಳು. ಕಣ್ಣು ನಿಚ್ಚಳವಾಗಿದ್ದವು.

“ನಿದ್ದಿ ಬಂತೇನು?” ಎಂದೆ.

“ಛಲೋ ಬಂತು. ಲಿಂಗಸುಗೂರಾಗ ಯಾರೋ ಭಾಳ ಕಾಳಜಿಲೆ ರೂಮು ನೋಡಿದ್ರು. ಪಾಪ, ನನಗ ಆಗಲಿಲ್ಲ.”

“ಊಟ ಮಾಡು,” ಎಂದೆ. “ನೀವು ಸೊರಗೀರಿ,” ಎಂದಳು. ಅಷ್ಟರಲ್ಲಿ ಯಾರೋ ಸಾರಿನ ಬಕೆಟ್ಟು ಹಿಡಿದು ನಮ್ಮ ನಡುವೆ ಬಂದರು.

ಸಂಜೆಯ ಬಸ್ಸಿಗೆ ಅವಳು ಹೊರಟುಹೋದಳು. ಮರುದಿನ ಮ್ಯಾನೇಜರ ಫೋನು: “ನಿಮ್ಮ ದಿಂಬು ಇಲ್ಲೇ ಉಳದೈತ್ರಿ. ಯಾರೂ ತಲಿ ಇಟ್ಟಿಲ್ಲ.”

ಹೋಗಿ ತಂದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. “ಏನ್ ಕಾಕಾ, ಹಾಸಿಗಿ ಸಮೇತ ಹೊಂಟೀರಲ್ಲ,” ಎಂದು ಕಂಡಕ್ಟರು ನಕ್ಕ. ನಾನೂ ನಕ್ಕೆ.

ಮನೆಯಲ್ಲಿ ಈಗ ತೆಳು ದಿಂಬು ಎರಡಾಗಿವೆ. ನನಗೆ ಮೊದಲಿನಿಂದಲೂ ದಪ್ಪನೆಯದೇ ಬೇಕು.