ಆಚೆ ಅಟ್ಟದ ಕೂಗು

ಹಿಂಗಾರಿ ಜೋಳದ ತೆನೆಗೆ ಹಾಲು ತುಂಬುವ ಹೊತ್ತಿಗೆ ನಮ್ಮ ಹೊಲದಲ್ಲಿ ಎರಡು ಅಟ್ಟ ಏಳುತ್ತಿದ್ದವು. ನಾಲ್ಕು ಗೂಟ ನೆಟ್ಟು, ಕಟ್ಟಿಗೆ ಹಾಸಿ, ಮೇಲೆ ಒಣ ದಂಟಿನ ಕಣಿಕೆ ಹರಡಿದರೆ ಅಟ್ಟವಾಯಿತು. ಒಂದು ಹಳ್ಳದ ಕಡೆ, ಇನ್ನೊಂದು ದಾರಿಯ ಕಡೆ. ಹಕ್ಕಿ ಕಾಯುವವರು ಅದರ ಮೇಲೆ ನಿಂತು ಕವಣೆ ಬೀಸಬೇಕು, ಕೂಗಬೇಕು. ಬೆಳಿಗ್ಗೆ ಬಿಸಿಲೇರುವವರೆಗೆ ಒಮ್ಮೆ, ಸಂಜೆ ಹೊತ್ತು ಮುಳುಗುವವರೆಗೆ ಇನ್ನೊಮ್ಮೆ.

ಸವಣೂರಿನ ಹತ್ತಿರದ ಈ ಊರಿಗೆ ನನ್ನನ್ನು ಕೊಟ್ಟಾಗ ಎರಡನೆಯ ಮಹಾಯುದ್ಧ ಇನ್ನೂ ಸುರುವಾಗಿರಲಿಲ್ಲ. ನನ್ನ ತವರು ಅಕ್ಕಿಆಲೂರು, ಭತ್ತದ ಸೀಮೆ. ಕರಿ ಎರೆಮಣ್ಣು, ಮರ ಅಪರೂಪವಾದ ಬಯಲು ನನಗೆ ಹೊಸದು. ಮನೆಯ ರೀತಿಯೂ ಹೊಸದು. ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತಾಡುವಂತಿರಲಿಲ್ಲ. ಮಾವನವರಂತೂ ಸೊಸೆಯ ಜೊತೆ ನೇರವಾಗಿ ಮಾತಾಡಿದವರೇ ಅಲ್ಲ. ನನಗೆ ಹೇಳುವುದಿದ್ದರೆ ಎತ್ತಿಗೆ ಹೇಳುತ್ತಿದ್ದರು. "ಏನೋ ಬಸವಣ್ಣ, ರೊಟ್ಟಿ ಹೊತ್ತು ಮೀರಿತಲ್ಲೋ" ಎಂದು ಎತ್ತು ಮೇಯುವ ಗೋದಲಿಯ ಹತ್ತಿರ ದನಿ ಕೇಳಿದರೆ ನಾನು ಒಳಗೆ ತಾಟು ಹಚ್ಚುತ್ತಿದ್ದೆ.

ಹೊಲದಲ್ಲಿ ಮಾತ್ರ ಬಾಯಿ ಬಿಡಬಹುದಿತ್ತು. ಹಳ್ಳದ ಕಡೆಯ ಅಟ್ಟ ನನ್ನದು, ದಾರಿಯ ಕಡೆಯದು ನನ್ನ ಗಂಡನದು. ನಾನು "ಹೋ" ಎನ್ನಬೇಕು, ಅವರು ಅತ್ತಲಿಂದ "ಹೋಯ್" ಎನ್ನಬೇಕು, ನಡುವಿನ ಗುಬ್ಬಿ, ಗಿಳಿ ಎದ್ದು ಹಾರಬೇಕು. ಮೊದಲ ವರ್ಷ ನಾಚಿಕೆಯಿಂದ ದನಿಯೇ ಏಳಲಿಲ್ಲ. ಎರಡನೆಯ ವರ್ಷಕ್ಕೆ ಅವರ ಕೂಗಿನಲ್ಲಿ ಹಸಿವು ಯಾವುದು, ಬೇಸರ ಯಾವುದು, ನಗು ಯಾವುದು ಎಂದು ತಿಳಿಯತೊಡಗಿತ್ತು. ಮನೆಯಲ್ಲಿ ಮೂಕರಂತಿದ್ದು ಇಲ್ಲಿ ಇಡೀ ಹೊಲದ ಮೇಲೆ ಮಾತಾಡುತ್ತಿದ್ದೆವು. ಕೇಳಿದವರಿಗೆ ಅದು ಹಕ್ಕಿ ಓಡಿಸುವ ಸದ್ದು, ಅಷ್ಟೆ. ಪಕ್ಕದ ಹೊಲದ ಮುದುಕಿಯೊಬ್ಬಳು ಮಾತ್ರ ಬದುವಿನ ಮೇಲೆ ನಿಂತು, "ಏನವಾ, ಹಕ್ಕಿ ಒಂದೂ ಇಲ್ಲ, ಯಾರನ್ನ ಓಡಸಾಕತ್ತೀರಿ ಇಬ್ಬರೂ ಕೂಡಿ?" ಎಂದಳು. ನಾನು ಸೆರಗು ಬಾಯಿಗೆ ಇಟ್ಟುಕೊಂಡು ಕುಳಿತುಬಿಟ್ಟೆ. ಅತ್ತಲಿಂದ "ಹೋಯ್" ಬಂತು, ನಗುವಿನದು.

ಒಂದು ಬೆಳಿಗ್ಗೆ ಬದುವಿನ ಬೇವಿನ ಗಿಡದ ಕೆಳಗೆ ರೊಟ್ಟಿ ತಿನ್ನುತ್ತಿದ್ದೆವು. ಹಳ್ಳದ ಜಾಲಿಯಲ್ಲಿ ಒಂದು ಬೆಳವ ಕೂಗುತ್ತಿತ್ತು. ನಾನು ಕನ್ನಡ ಶಾಲೆಯಲ್ಲಿ ಆರನೆಯ ಇಯತ್ತೆಯವರೆಗೆ ಕಲಿತವಳು. ಹಕ್ಕಿಗಳು ಆನಂದಕ್ಕೆ ಹಾಡುತ್ತವೆ ಎಂದು ಮಾಸ್ತರರು ಹೇಳಿಕೊಟ್ಟಿದ್ದರು. ಅದನ್ನೇ ಅಂದೆ.

"ಆನಂದ ಇದ್ದವರು ಇಷ್ಟು ಒದರತಾರೇನ?" ಎಂದರು ಅವರು. "ಹೊಟ್ಟಿ ತುಂಬಿದ ಮ್ಯಾಲೆ ನಮ್ಮಪ್ಪ ಹಾಡಿದ್ದು ಕೇಳಿಯೇನ ನೀನು?"

"ಮತ್ಯಾಕ ಕೂಗತಾವ್ರಿ?"

"ತಡಿ, ಕೇಳು."

ಬೆಳವ ಕೂಗಿ ನಿಲ್ಲಿಸಿತು. ಸ್ವಲ್ಪ ಹೊತ್ತಿಗೆ ದಾರಿಯ ಕಡೆಯಿಂದ ಇನ್ನೊಂದು ಕೂಗಿತು.

"ಇದು 'ಅದೀಯೇನ?' ಅಂತೈತಿ. ಅದು 'ಅದೀನಿ' ಅಂತೈತಿ. ಮತ್ತೇನಿಲ್ಲ. ಉಳಿದದ್ದೆಲ್ಲಾ ನಿಮ್ಮ ಮಾಸ್ತರ ಸೇರಿಸಿದ್ದು" ಎಂದು ಚಟ್ನಿಯ ಕೊನೆಯ ತುತ್ತು ತಾವೇ ಬಳಿದುಕೊಂಡರು.

ಯುದ್ಧ ನಡೆದಿದ್ದಾಗ ಒಂದು ಶ್ರಾವಣದಲ್ಲಿ ಅವರಿಗೆ ಜ್ವರ ಬಂದು ಇಳಿಯಲಿಲ್ಲ. ಚಕ್ಕಡಿಯಲ್ಲಿ ಮಲಗಿಸಿ ಶಿಗ್ಗಾವಿಯ ಡಾಕ್ಟರರ ಕಡೆ ಒಯ್ದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಚಕ್ಕಡಿ ತಿರುಗಿ ಬಂದಾಗ ಎತ್ತುಗಳ ಕೊರಳ ಗಂಟೆ ಬಿಚ್ಚಿದ್ದರು. ಅದು ಸದ್ದಿಲ್ಲದೆ ಅಂಗಳಕ್ಕೆ ಬಂದು ನಿಂತದ್ದರಿಂದಲೇ ನನಗೆ ತಿಳಿಯಿತು.

ಆ ಸಲವೂ ಜೋಳ ಬೆಳೆಯಿತು. ಅಟ್ಟ ಎದ್ದವು. ದಾರಿಯ ಕಡೆಯ ಅಟ್ಟವನ್ನು ಮಾವನವರು ಹತ್ತಿದರು. ನನ್ನ ಅಟ್ಟಕ್ಕೆ ನಾನೇ ಹೋದೆ, ಯಾರೂ ಬೇಡವೆನ್ನಲಿಲ್ಲ. ಆದರೆ ಕೂಗಲಾಗಲಿಲ್ಲ. ಕೂಗುವುದು ಕಷ್ಟವಲ್ಲ, ಕೂಗಿದ ಮೇಲೆ ಬರುವ ಮೌನ ನನಗೆ ಬೇಡವಾಗಿತ್ತು. ಕೂಗದೆ ಇದ್ದರೆ ಆಚೆ ಅಟ್ಟದಿಂದ ಉತ್ತರ ಬರಲಿಲ್ಲ ಎಂದು ಆಗುವುದೇ ಇಲ್ಲವಲ್ಲ. ಹಳೆಯ ಡಬ್ಬಿಯೊಂದನ್ನು ತಂದು ಬಡಿಯುತ್ತ ಕುಳಿತೆ. ಮೊದಮೊದಲು ಹಕ್ಕಿ ಬೆದರಿದವು. ಆಮೇಲೆ ಡಬ್ಬಿ ಬಡಿಯುತ್ತಿದ್ದರೂ ತೆನೆಯ ಮೇಲೆ ಕುಳಿತು ತಿನ್ನತೊಡಗಿದವು. ಮಾವನವರೂ ಕೂಗುತ್ತಿರಲಿಲ್ಲ. ಅವರ ಕವಣೆಯ ಕಲ್ಲು ಸುಂಯ್ ಎಂದು ಹೋಗುವುದು ಕೇಳುತ್ತಿತ್ತು, ಅಷ್ಟೆ.

ಒಂದು ದಿನ ಅತ್ತೆ ಹೊಲಕ್ಕೆ ಬಂದರು. ನನ್ನ ಕಡೆಯ ತೆನೆಯೊಂದನ್ನು ಬಗ್ಗಿಸಿ ನೋಡಿದರು, ಕಾಳಿರಲಿಲ್ಲ.

"ಹಕ್ಕಿ ಕಾಯಾಕ ಬಂದೀಯೋ, ಹಕ್ಕಿಗಿ ಬಡಸಾಕ ಬಂದೀಯೋ?"

ನಾನು ಡಬ್ಬಿ ಕೆಳಗಿಟ್ಟೆ.

"ನಾನೂ ಹಡದಾಕಿ ಅದೀನವಾ. ನನಗ ದುಃಖ ಇಲ್ಲೇನು? ವರ್ಷಿಡೀ ಉಣ್ಣೂದು ಈ ಹೊಲದಾಗಿಂದ ಬರಬೇಕು. ಬಾಯಿ ಬರಲಿಲ್ಲಂದ್ರ ಬರೂ ಸೋಮವಾರದಿಂದ ಬ್ಯಾರೆ ಯಾರರೆ ಬಂದು ಅಟ್ಟ ಹತ್ತತಾರ. ನೀ ಅಕ್ಕಿಆಲೂರಿಗೆ ಹೋಗಿ ಸುಗ್ಗಿ ಮುಗಿಯೂತನಕ ಇರು."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ಮನೆಯಲ್ಲಿ ಎಲ್ಲಿ ಹುಡುಕಿದರೂ ನನಗೆ ನನ್ನ ಗಂಡ ಸಿಗುತ್ತಿರಲಿಲ್ಲ. ಅಲ್ಲಿ ನಾವು ಮಾತಾಡಿದ್ದೇ ಇಲ್ಲ. ಈ ಅಟ್ಟ ಬಿಟ್ಟರೆ ನನಗೆ ಬೇರೆ ಜಾಗವಿರಲಿಲ್ಲ.

ಭಾನುವಾರ ಸಂಜೆ, ಇದೇ ಕೊನೆಯದು ಎಂದು ಕುಳಿತಿದ್ದೆ. ಬಿಸಿಲು ಕೆಂಪಾಗಿತ್ತು. ಜಾಲಿಯಲ್ಲಿ ಬೆಳವ ಕೂಗುತ್ತಿತ್ತು. ಆಚೆ ಅಟ್ಟದ ಕಡೆ ನೋಡಿದರೆ ಮಾವನವರು ಕಾಣಲಿಲ್ಲ. ಸ್ವಲ್ಪ ಮುಂಚೆ ಅವರ ರುಮಾಲು ಕಂಡಿತ್ತು. ಕವಣೆಯ ಸದ್ದೂ ಇರಲಿಲ್ಲ. ಅವರ ಸುತ್ತಲಿನ ತೆನೆಗಳ ಮೇಲೆ ಗುಬ್ಬಿಯ ಹಿಂಡು ಧೈರ್ಯವಾಗಿ ಇಳಿಯಿತು. ಅಟ್ಟದಿಂದ ಬಿದ್ದರೇನೋ ಎನ್ನಿಸಿತು. ಅಲ್ಲಿಯವರೆಗೆ ಓಡಲು ಆಳೆತ್ತರದ ಜೋಳ ಸೀಳಬೇಕು. "ಮಾವಾರ" ಎಂದು ಒದರುವುದು ಸೊಸೆಯ ಬಾಯಿಗೆ ಬರುವ ಮಾತಲ್ಲ.

ಎದ್ದು ನಿಂತು ಕೂಗಿದೆ. "ಹೋ..."

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹಕ್ಕಿ ಎದ್ದವು. ಉತ್ತರ ಬರಲಿಲ್ಲ. ನಾನು ಹೆದರಿದ್ದ ಮೌನ ಅದೇ. ಹೊಲದ ಆ ತುದಿಯಿಂದ ಈ ತುದಿಯವರೆಗೆ ಹರಡಿ ನಿಂತಿತು. ಮತ್ತೆ ಕೂಗಿದೆ, ಇನ್ನೂ ದೊಡ್ಡದಾಗಿ. ಅಟ್ಟದ ಗೂಟ ಹಿಡಿದು ಇಳಿಯಲು ಕಾಲು ಕೆಳಗೆ ಬಿಟ್ಟಿದ್ದೆ, ಆಗ ಕೇಳಿತು.

"ಹೋಯ್."

ಒಡೆದ, ಕಫ ಕಟ್ಟಿದ ದನಿ. ರುಮಾಲಿಲ್ಲದ ಬೋಳು ತಲೆ ತೆನೆಗಳ ಮೇಲೆ ಮೆಲ್ಲಗೆ ಎದ್ದಿತು. ಅಟ್ಟದ ಮೇಲೆಯೇ ಮುದುಡಿ ಕುಳಿತಿದ್ದರು. ರುಮಾಲು ಕೈಯಲ್ಲಿತ್ತು, ಅದರಿಂದ ಮುಖ ಒರೆಸಿಕೊಂಡರು.

ಮನೆಗೆ ಹೋಗುವಾಗ ಅವರು ಎತ್ತಿನ ಜೊತೆ ಮುಂದೆ, ನಾನು ಹಿಂದೆ. ಊರ ಅಗಸಿ ಬಾಗಿಲು ಕಂಡಾಗ ಎತ್ತಿನ ಬೆನ್ನು ತಟ್ಟಿ, "ಬಸವಣ್ಣ, ನಾಳಿಗಿ ಬ್ಯಾರೆ ಯಾರೂ ಬ್ಯಾಡಪ್ಪ. ನಾವ ಬರೋಣು. ಮನ್ಯಾಗ ನಿಮ್ಮವ್ವಗ ನಾ ಹೇಳತೇನಿ" ಎಂದರು.

ಮರುದಿನ ಮಂಜು ಇತ್ತು. ಅಟ್ಟ ಹತ್ತಿದೆ. ಹಕ್ಕಿ ಇನ್ನೂ ಬಂದಿರಲಿಲ್ಲ, ಆದರೂ ಕೂಗಿದೆ. ಆಚೆಯಿಂದ ಬರುವುದು ನನ್ನ ಗಂಡನ ದನಿಯಲ್ಲ ಎಂದು ಗೊತ್ತಿತ್ತು. ಮಾವನವರು ಯಾವಾಗಲೂ ತಡಮಾಡಿ ಉತ್ತರ ಕೊಡುವವರು. ಅವರು ಬದುಕಿದ್ದಷ್ಟು ವರ್ಷವೂ ನಾನು ಕೂಗಿ, ಆ ತಡದಲ್ಲಿ ಇನ್ನೊಂದು ದನಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ.